ಹುಲಿಹೈದರದ ಬಾವಿಯ ಇಪ್ಪತ್ತೆರಡು ತಿಂಗಳು

ವಿಶೇಷ ಉಪನ್ಯಾಸ ಎಂದರೆ ನಮ್ಮ ಕಡೆ ಏನೇನು ಇರಬೇಕೋ ಅದೆಲ್ಲ ಆವತ್ತು ಇತ್ತು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮುಟ್ಟಿದರೆ ಕಿರುಚುವ ಮೈಕು, 'ಸಮಯದ ಅಭಾವವಿರುವುದರಿಂದ' ಎಂದು ಶುರುಮಾಡಿ ಇಪ್ಪತ್ತು ನಿಮಿಷ ನುಂಗಿದ ಸ್ವಾಗತ ಭಾಷಣ, ಹಾಜರಿಗಾಗಿ ಬಂದು ಹಿಂದಿನ ಸಾಲು ಹಿಡಿದ ಹುಡುಗರು. ಕೊಪ್ಪಳದಲ್ಲಿ ಭೂವಿಜ್ಞಾನದ ಎಂಎಸ್ಸಿ ಕೊನೆಯ ಸೆಮಿಸ್ಟರ್ ಓದುತ್ತಿದ್ದ ಮೆಹಜಬೀನ ನಡುವಿನ ಸಾಲಿನಲ್ಲಿ ಗೆಳತಿ ಶ್ವೇತಾಳ ಪಕ್ಕ ಕೂತು ನೋಟ್‌ಬುಕ್ಕಿನ ಮೂಲೆಯಲ್ಲಿ ಬಳ್ಳಿ ಬಿಡಿಸುತ್ತಿದ್ದಳು. ಬಳ್ಳಿ ಮೂರು ಎಲೆ ಬಿಡುವಷ್ಟರಲ್ಲಿ ಪರದೆಯ ಮೇಲೆ ಅವಳ ಊರಿನ ಹೆಸರು ಬಂತು.

ಉಪನ್ಯಾಸಕ್ಕೆ ಬಂದಿದ್ದವರು ಡಾ. ಗಾಳೆಪ್ಪ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲೂಕುಗಳ ನೆಲದ ಕೆಳಗಿನ ನೀರನ್ನು ಮೂವತ್ತು ವರ್ಷ ಲೆಕ್ಕ ಹಾಕಿ, ಆರು ವರ್ಷದ ಹಿಂದೆ ನಿವೃತ್ತರಾದವರು. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ ಡಾಕ್ಟರೇಟ್ ತನಕ ಹೋದವರಾದ್ದರಿಂದ ಮಾತಿನಲ್ಲಿ ಮಣ್ಣೂ ಇತ್ತು, ಗತ್ತೂ ಇತ್ತು. ಅಳವಂಡಿ, ಕುಕನೂರು, ಯಲಬುರ್ಗಾದ ಬಾವಿಗಳ ಗೆರೆಗಳನ್ನು ಒಂದೊಂದಾಗಿ ತೋರಿಸಿದರು. ಎಲ್ಲವೂ ವರ್ಷದಿಂದ ವರ್ಷಕ್ಕೆ ಕೆಳಗೇ ಇಳಿಯುತ್ತಿದ್ದವು. ಆಮೇಲೆ ಒಂದು ನೀಲಿ ಗೆರೆ ಬಂತು. ಗೋಡೆಯ ಈ ತುದಿಯಿಂದ ಬಹಳ ದೂರ ನೆಟ್ಟಗೆ ಹೋಗಿ, ಕೊನೆಗೆ ಇದ್ದಕ್ಕಿದ್ದಂತೆ ಧುಮುಕಿತ್ತು.

"ಇದು ಹುಲಿಹೈದರದ ಬಾವಿ," ಎಂದರು ಗಾಳೆಪ್ಪ. "ಮೂವತ್ತು ವರ್ಷ ಇದರ ನೀರು ಕಟ್ಟಿಯಿಂದ ಏಳೆಂಟು ಮೀಟರ್ ಕೆಳಗ ನಿಂತಿತ್ತು. ಬರಗಾಲ ಬಂದ್ರೂ ಜಗ್ಗಲಿಲ್ಲ. ಕಡೀ ಇಪ್ಪತ್ತೆರಡು ತಿಂಗಳದಾಗ ಮಾತ್ರ ಹತ್ತು ಮೀಟರ್ ಇಳದೈತಿ. ಹೋದ ತಿಂಗಳ ರೀಡಿಂಗ್ ಹದಿನೇಳು ಎಂಬತ್ತೈದು. ಯಾಕ ಹಿಂಗಾತು? ಯಾರರೆ ಹೇಳ್ತೀರೇನು?"

ಉತ್ತರ ಗೊತ್ತಿದ್ದದ್ದು ಮೆಹಜಬೀನಳಿಗೆ ಒಬ್ಬಳಿಗೇ. ಆ ಹತ್ತು ಮೀಟರನ್ನು ಇಳಿಸಿದವಳು ಅವಳೇ. ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಚಾಚಿ ಕೂತು, ಫೋನಿನಲ್ಲಿ.

ಅವಳ ಅಪ್ಪ ನಜೀರಸಾಬ ಆ ಬಾವಿಯ ನೀರು ಅಳೆಯುತ್ತಿದ್ದ ಮನುಷ್ಯ. ತಿಂಗಳ ಐದನೇ ತಾರೀಖು ಬಂತೆಂದರೆ ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿದು ಬಾವಿಗೆ ಬಿಡುವುದು, ಎಳೆದುಕೊಂಡು ಸುಣ್ಣ ಒದ್ದೆಯಾದ ಗೆರೆ ನೋಡುವುದು, ಅಂಕಿಯನ್ನು ಅಂತರ್ಜಲ ಇಲಾಖೆಗೆ ಕಳಿಸುವುದು. ಮೊದಲು ಕಾರ್ಡಿನಲ್ಲಿ, ಆಮೇಲೆ ಫೋನಿನಲ್ಲಿ. ಹಬ್ಬ ಇರಲಿ, ಮನೆಯಲ್ಲಿ ಸಾವಾಗಿರಲಿ, ಒಂದು ತಿಂಗಳೂ ತಪ್ಪಿಸಿದವನಲ್ಲ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಫೋನು ಮಗಳ ಕೈಗೆ ಬಂತು. ಊರಲ್ಲಿದ್ದಷ್ಟು ದಿನ ಅವಳು ನಿಜವಾಗಿಯೇ ಅಳೆದಳು. ಕೊಪ್ಪಳಕ್ಕೆ ಓದಲು ಬಂದ ಮೇಲೆ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಯಾರು ಹೋಗುತ್ತಾರೆ? ಊರಲ್ಲಿ ಕೊನೆಯ ಸಲ ಅಳೆದಿದ್ದ ಏಳು ಮೀಟರ್ ನಲವತ್ತನ್ನೇ ಇದ್ದಲ್ಲಿಂದ ಕಳಿಸಿದಳು. ಇಲಾಖೆಯಿಂದ ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಅದೇ ಏಳು ನಲವತ್ತನ್ನೇ ಕಳಿಸುತ್ತಾ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಹುಡುಗಿ ಜಾಣೆ, ಜಾಣೆಯರ ತೊಂದರೆಯೇ ಅದು. ಸುತ್ತಲಿನ ಬಾವಿಗಳೆಲ್ಲ ಇಳಿಯುತ್ತಿರುವಾಗ ಇದೊಂದು ಕದಲದೆ ನಿಂತರೆ ಯಾರಾದರೂ ಅನುಮಾನಪಟ್ಟು ನೋಡಲು ಬಂದಾರು ಎಂದು ಯೋಚಿಸಿದಳು. ಲೈಬ್ರರಿಯಲ್ಲಿದ್ದ ಗಾಳೆಪ್ಪನವರದೇ ವರದಿ ತೆಗೆದು, ಅಳವಂಡಿಯದು ಹೇಗೆ ಇಳಿದಿದೆ, ಕುಕನೂರಿನದು ಹೇಗೆ ಇಳಿದಿದೆ ಎಂದು ನೋಡಿಕೊಂಡು, ಹುಲಿಹೈದರದ ನೀರನ್ನೂ ತಿಂಗಳಿಗಿಷ್ಟು ಎಂದು ಇಳಿಸತೊಡಗಿದಳು. ಕೈ ಪಳಗಿದ ಮೇಲೆ ಸ್ವಲ್ಪ ಜೋರಾಗಿಯೇ ಇಳಿಸಿದಳು.

"ಇಲ್ಲಿ ಹುಲಿಹೈದರದವರು ಯಾರರೆ ಅದೀರೇನು?" ಎಂದು ಗಾಳೆಪ್ಪ ಕೇಳಿದಾಗ ಮೆಹಜಬೀನ ಬಳ್ಳಿಯ ಮೇಲೆ ಕಣ್ಣು ನೆಟ್ಟಳು. ಶ್ವೇತಾ ಅವಳ ಕೈ ಹಿಡಿದು ಮೇಲೆತ್ತಿಬಿಟ್ಟಳು. ಗೆಳತಿಯರು ಇರುವುದೇ ಇಂಥದಕ್ಕೆ.

"ಯಾರ ಮಗಳವ್ವ ನೀನು?"

"ನಜೀರಸಾಬರ ಮಗಳ್ರಿ."

ಗಾಳೆಪ್ಪನವರ ಮುಖ ಅರಳಿತು. "ನೋಡ್ರಿ! ಟೇಪ್ ಹಿಡಿಯೂದು ಆತಗ ಕಲಿಸಿದಾಂವ ನಾನು. ನಮ್ಮ ನಾಕು ತಾಲೂಕಿನಾಗ ಒಂದು ತಿಂಗಳೂ ಖಾಲಿ ಬಿಡದ ದಾಖಲೆ ಅಂದ್ರ ಆತಂದೊಂದ." ಸಭೆಯ ಕಡೆ ತಿರುಗಿ, "ನಾಳೆ ಐದನೇ ತಾರೀಖು. ಎಲ್ಲಾರೂ ಬಸ್ ಹತ್ರಿ. ಬಾವಿ ಕಡೆ ಹೋಗಿ ನಿಮ್ಮ ಕಣ್ಣಮುಂದನ ಅಳೆಯೂಣು. ಟೇಪ್ ಹಿಡಿಯಾಕಿ ನಜೀರಸಾಬನ ಮಗಳು," ಎಂದರು. ಚಪ್ಪಾಳೆ ಬಿತ್ತು. ಮೆಹಜಬೀನ ನೋಟ್‌ಬುಕ್ಕು ಮುಚ್ಚಿದಳು. ಹದಿನೇಳು ಎಂಬತ್ತೈದು ಎಂದು ಬರೆದಿರುವ ಬಾವಿಯಲ್ಲಿ ನೀರು ಏಳು ಮೀಟರಿಗೇ ತುಳುಕುತ್ತಿದ್ದರೆ ತನ್ನ ಓದು ಹೋಗುವುದಿರಲಿ, ಅಪ್ಪನ ಮೂವತ್ತು ವರ್ಷವೂ ಸುಳ್ಳಾಗುತ್ತದೆ. ಮಗಳು ಬರೆದದ್ದು ಯಾವುದು, ಅಪ್ಪ ಅಳೆದದ್ದು ಯಾವುದು ಎಂದು ಯಾರು ಬೇರೆ ಮಾಡಿ ನೋಡುತ್ತಾರೆ?

ಮರುದಿನ ಮೊದಲ ಬಸ್ಸಿಗೇ ಹೊರಟು, ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಕನಕಗಿರಿ ದಾಟಿ ಒಂಬತ್ತರ ಹೊತ್ತಿಗೆ ಮನೆ ಸೇರಿದಳು. ಬಾವಿ ಎಷ್ಟು ತುಂಬಿದೆ ಎಂದು ಮೊದಲು ತಾನೊಬ್ಬಳೇ ನೋಡಿಕೊಳ್ಳಬೇಕಿತ್ತು. ನೋಡಿ ಏನು ಮಾಡುವುದು ಎನ್ನುವುದು ಮಾತ್ರ ಬಸ್ಸಿನುದ್ದಕ್ಕೂ ಹೊಳೆದಿರಲಿಲ್ಲ. ಅಮ್ಮ ಲಾಲಬೀ ಅಪ್ಪನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಳು.

"ಐದನೇ ತಾರೀಖು ಬಂತಂದ್ರ ಹಿಂಗ ನೋಡು," ಎಂದಳು ಲಾಲಬೀ. "ಮುಂಜಾನಿಂದ ನೀರು ನೀರು ಅಂತಾರ. ಕೊಡ ಖಾಲಿ ಆಗ್ತೈತಿ, ಬಾಯಿ ಆರೂದು ನಿಲ್ಲೂದಿಲ್ಲ. ಉಳದ ದಿನ ಒಂದು ಲೋಟಾ ಸಾಕು."

ನಜೀರಸಾಬ ಮಗಳನ್ನು ನೋಡಿದ. ಅರ್ಧ ಬಾಯಿಯಲ್ಲಿ, "ಎಷ್ಟ?" ಎಂದ. ಪ್ರತಿ ಸಲವೂ ಅವನು ಕೇಳುತ್ತಿದ್ದದ್ದು ಅದೊಂದೇ ಮಾತು. ಬಾವಿಯ ನೀರು ಎಷ್ಟಿದೆ ಎಂದು.

"ಮೊದಲಿನಷ್ಟ ಐತಿ ಅಬ್ಬಾ," ಎಂದಳು. ಪ್ರತಿ ಸಲವೂ ಅವಳು ಹೇಳುತ್ತಿದ್ದದ್ದೂ ಅದೇ. ಟೇಪು, ಸೀಮೆಸುಣ್ಣ ತೆಗೆದುಕೊಂಡು ಅವನ ಕಣ್ಣು ತಪ್ಪಿಸಿ ಹೊರಬಿದ್ದಳು.

ಬಾವಿ ಊರಿನ ಆಚೆ, ಆರು ಮನೆಗಳ ಒಂದು ಓಣಿಯ ಬೆನ್ನಿಗಿದೆ. ಆ ಓಣಿಗೆ ನಲ್ಲಿಯ ನೀರು ಬರುವುದು ಎಂಟು ದಿನಕ್ಕೊಮ್ಮೆ. ಉಳಿದ ಏಳು ದಿನಕ್ಕೆ ಈ ಬಾವಿಯೇ ಗತಿ. ಹತ್ತಿರ ಹೋಗುತ್ತಿದ್ದಂತೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಕಟ್ಟೆ ಮುಟ್ಟಿದ ಮೇಲೆ ಏನೆಂದು ತಿಳಿಯಿತು. ಒಳಗಿನ ಕಲ್ಲುಸಂದಿಯ ಪಾರಿವಾಳಗಳು ಇರಲಿಲ್ಲ. ಯಾವಾಗಲೂ ಗುಟುರು ಹಾಕುತ್ತಿದ್ದ ಬಾವಿ ಈಗ ಬಾಯಿ ಮುಚ್ಚಿಕೊಂಡಿತ್ತು. ಬಗ್ಗಿ ನೋಡಿದಳು. ನೀರು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕಣ್ಣು ಕೆಳಗೆ, ಇನ್ನೂ ಕೆಳಗೆ ಹೋಗಿ ಕತ್ತಲೆಯಲ್ಲಿ ಒಂದು ತಟ್ಟೆಯಷ್ಟು ಹೊಳಪನ್ನು ಕಂಡಿತು. ಗೋಡೆಯ ಸುತ್ತ ಬಿಳಿಯ ಗೆರೆಗಳಿದ್ದವು, ಒಂದರ ಕೆಳಗೊಂದು. ನೀರು ಮೆಲ್ಲಗೆ ಬತ್ತಿದರೆ ಕಲೆ ಹರಡಿಕೊಂಡು ಬರುತ್ತದೆ. ಇವು ಚಾಕುವಿನಿಂದ ಕೊರೆದಷ್ಟು ನಿಚ್ಚಳವಾಗಿದ್ದವು.

"ಬಂದೇನ ಯವ್ವ, ಮೆಹಜಬೀನ?" ಹಿಂದಿನಿಂದ ದನಿ ಬಂತು. ಓಣಿಯ ಮುದುಕಿ ದುರಗಮ್ಮ, ತೋಳಿಗೆ ಹಗ್ಗದ ಸುರುಳಿ, ಕೈಯಲ್ಲಿ ಬಕೆಟ್ಟು. "ನಿಮ್ಮಪ್ಪ ಬಿದ್ದ ಮ್ಯಾಲ ಬಾವಿನೂ ಬಿತ್ತು ನೋಡು."

"ಯಾವಾಗಿಂದ ಇಳಿಯಾಕತ್ತೈತಿ ಆಯಿ?"

"ನೀ ಕೊಪ್ಪಳಕ್ಕ ಹ್ವಾದಿ ನೋಡು, ಆವಾಗಿಂದ. ದಿನಾ ಇಳದ್ರ ಬಿಸಲಿಗೆ ಅನಬೌದು. ಇದು ಹಂಗಲ್ಲ. ತಿಂಗಳಿಗೊಂದ ದಿನ, ಒಂದ ಸಲಕ್ಕ. ಮುಂಜಾನಿ ನೀರು ಮುಟ್ಟಿದ ಹಗ್ಗ ಸಂಜಿಗೆ ಮುಟ್ಟೂದಿಲ್ಲ. ಹೋದ ವರ್ಷ ದಸರಾ ಮುಂದ ಎರಡು ಗೇಣು ಮ್ಯಾಲ ಬಂತು. ಮಳಿ ಇಲ್ಲ, ಮೋಡ ಇಲ್ಲ, ಹೆಂಗ ಬಂತು? ನಮ್ಮ ಓಣ್ಯಾಗಿನ ಮಂದಿ ಕಾಯಿ ಒಡದ್ರು."

ಹೋದ ವರ್ಷ ಅಕ್ಟೋಬರಿನಲ್ಲಿ ಮೆಹಜಬೀನ ನಲವತ್ತು ಸೆಂಟಿಮೀಟರ್ ಏರಿಸಿ ಬರೆದಿದ್ದಳು. ಮಳೆಗಾಲ ಮುಗಿದ ಮೇಲೆ ನೀರು ಸ್ವಲ್ಪ ಏರಬೇಕು ಎಂದು ಪುಸ್ತಕದಲ್ಲಿತ್ತು. ಮಳೆ ಬಂದಿತ್ತೋ ಇಲ್ಲವೋ ಎಂದು ಊರಿಗೆ ಫೋನು ಮಾಡಿ ಕೇಳಿರಲೂ ಇಲ್ಲ.

ದುರಗಮ್ಮನ ಹಗ್ಗದಲ್ಲಿ ಗಂಟುಗಳಿದ್ದವು. ಆಕೆ ಹಗ್ಗವನ್ನು ಬೇಕಾದ್ದಕ್ಕಿಂತ ಒಂದು ಗೇಣೂ ಹೆಚ್ಚು ಕಟ್ಟುವವಳಲ್ಲ. ನೀರು ಇಳಿದಾಗಲೆಲ್ಲ ಸೀರೆಯ ಅಂಚು, ಎತ್ತಿನ ಮಿಣಿ, ನೈಲಾನಿನ ತುಂಡು, ಕೈಗೆ ಸಿಕ್ಕದ್ದನ್ನು ಅಳತೆಗೆ ಸರಿಯಾಗಿ ಕಟ್ಟಿಕೊಂಡು ಬಂದಿದ್ದಳು. ಮೆಹಜಬೀನ ಹಗ್ಗವನ್ನು ನೆಲದ ಮೇಲೆ ಚಾಚಿ ಟೇಪು ಹಿಡಿದಳು. ಮೊದಲ ತುಂಡು ನಲವತ್ತು ಸೆಂಟಿಮೀಟರು. ಎರಡನೆಯದು ಐವತ್ತೈದು. ಮೂರನೆಯದು ಅರವತ್ತು. ಫೋನು ತೆಗೆದು ತಾನು ಕಳಿಸಿದ ಅಂಕಿಗಳನ್ನು ನೋಡಿದಳು. ಏಳು ನಲವತ್ತರ ನಂತರ ಏಳು ಎಂಬತ್ತು. ಆಮೇಲೆ ಎಂಟು ಮೂವತ್ತೈದು. ಆಮೇಲೆ ಎಂಟು ತೊಂಬತ್ತೈದು. ನಾಲ್ಕನೇ ತುಂಡನ್ನು ಅಳೆಯಲು ಅವಳಿಗೆ ಧೈರ್ಯವಾಗಲಿಲ್ಲ.

ಟೇಪಿಗೆ ಸುಣ್ಣ ಬಳಿದು ಬಾವಿಗೆ ಬಿಟ್ಟಳು. ಅದು ಕೆಳಗೆ ಹೋಗುತ್ತಲೇ ಇತ್ತು. ಎಳೆದುಕೊಂಡು ನೋಡಿದರೆ ಹದಿನೇಳು ಎಂಬತ್ತೈದು. ಹೋದ ತಿಂಗಳು ಮೆಸ್ಸಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ಮನಸ್ಸಿಗೆ ಬಂದ ಅಂಕಿ ಅದು. ತಳ ಇರುವುದು ಹದಿನೆಂಟು ಮೂವತ್ತಕ್ಕೆ. ಒಂದು ಮೊಳ ನೀರು ಉಳಿದಿತ್ತು. ಕೆಳಗಿನ ಆ ತಟ್ಟೆಯಷ್ಟು ನೀರು ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಟೇಪು ಬಿದ್ದದ್ದೇ ಅದಕ್ಕೆ ಗೊತ್ತಿಲ್ಲದ ಹಾಗೆ, ಅವಳ ಮುಂದಿನ ಅಂಕಿಗಾಗಿ ಕಾಯುತ್ತಿರುವ ಹಾಗೆ ಇತ್ತು.

ಹನ್ನೊಂದಕ್ಕೆ ಬಸ್ಸು ಬಂತು. ಮೂವತ್ತು ಹುಡುಗರು ಗದ್ದಲ ಮಾಡುತ್ತಾ ಇಳಿದವರು ಬಾವಿಯ ಹತ್ತಿರ ಬಂದ ಮೇಲೆ ಯಾಕೋ ಮೆತ್ತಗೆ ಮಾತಾಡತೊಡಗಿದರು. ಗಾಳೆಪ್ಪ ತಮ್ಮದೇ ಟೇಪು ತಂದಿದ್ದರು. ತಾವೇ ಬಿಟ್ಟು ತಾವೇ ಎಳೆದು, ಕನ್ನಡಕ ಏರಿಸಿ ನೋಡಿ, "ಹದಿನೇಳು ಎಂಬತ್ತೈದು, ಬರಕೊಳ್ರಿ," ಎಂದು ಕೂಗಿದರು. ಆಮೇಲೆ ಮೆಹಜಬೀನಳ ತಲೆ ಮೇಲೆ ಕೈ ಇಟ್ಟು, "ಒಂದು ಕೂದಲೆಳಿ ಹೆಚ್ಚುಕಡಿಮಿ ಇಲ್ಲ. ನಿಮ್ಮಪ್ಪನ ಹೆಸರು ಉಳಿಸಿದಿ ತಂಗಿ," ಎಂದರು.

ಹೆಸರು ಉಳಿದಿತ್ತು. ಅವಳು ನಿನ್ನೆಯಿಂದ ಹೆದರಿದ್ದು ಯಾವುದಕ್ಕೋ ಅದು ಆಗಲೇ ಇಲ್ಲ. ಸುಮ್ಮನಿದ್ದರೆ ಜನ್ಮದಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಷ್ಟರಲ್ಲಿ ದುರಗಮ್ಮ ಗುಂಪನ್ನು ಸರಿಸಿಕೊಂಡು ಮುಂದೆ ಬಂದು ಗಾಳೆಪ್ಪನವರನ್ನು ಕೇಳಿದಳು: "ಸಾಹೇಬ್ರ, ನೀರು ತಿರುಗಿ ಬರ್ತೈತೇನ್ರಿ? ಇನ್ನೊಂದು ತಿಂಗಳಿಗೆ ಕೆಸರ ಕುಡೀಬೇಕು ನಾವು."

ಗಾಳೆಪ್ಪ ನೆಲದ ಕೆಳಗಿನ ಶಿಲೆ, ಬಿರುಕು, ಸುತ್ತಲಿನ ಬೋರ್‌ವೆಲ್ಲು ಎಂದು ಏನೇನೋ ಹೇಳಿದರು. ಮುದುಕಿ ಅದನ್ನೆಲ್ಲ ಕೇಳಿ, ಇಲ್ಲ ಎನ್ನುವುದನ್ನು ಇಷ್ಟುದ್ದ ಹೇಳುತ್ತಾರೆ ಎಂದು ಅರ್ಥಮಾಡಿಕೊಂಡು ಬಕೆಟ್ಟು ಎತ್ತಿಕೊಂಡಳು. "ಈ ತಿಂಗಳದ್ದು ಇಲ್ಲೇ ಕಳಿಸಿಬಿಡವ್ವ," ಎಂದರು ಗಾಳೆಪ್ಪ, "ಹುಡುಗರು ನೋಡ್ಲಿ."

ಮೆಹಜಬೀನ ಅಪ್ಪನ ಫೋನು ಹಿಡಿದು ನಿಂತಳು. ಮೂವತ್ತು ಜನರ ನೋಟ್‌ಬುಕ್ಕಿನಲ್ಲಿ ಒಂದು ಅಂಕಿ ಇತ್ತು. ಅದನ್ನೇ ಕಳಿಸಿದರೆ ಅದು ಇಪ್ಪತ್ತೆರಡು ತಿಂಗಳಲ್ಲಿ ಅವಳು ಕಳಿಸಿದ ಮೊದಲ ಸತ್ಯವಾಗುತ್ತಿತ್ತು, ಬಾವಿಯೂ ಅಲ್ಲೇ ನಿಲ್ಲುತ್ತಿತ್ತು. 7.40 ಎಂದು ಒತ್ತಿ ಕಳಿಸಿಬಿಟ್ಟಳು.

"ಏನು ಕಳಿಸಿದಿ, ಜೋರಾಗಿ ಓದು."

"ಏಳು ನಲವತ್ತ್ರಿ."

ಯಾರೋ ಕಿಸಕ್ಕೆಂದರು. ಗಾಳೆಪ್ಪ ನಗಲಿಲ್ಲ. ಮೆಹಜಬೀನ ಕಟ್ಟೆಯ ಕಲ್ಲು ಹಿಡಿದುಕೊಂಡು ಹೇಳಿದಳು: "ಸರ್, ಇಪ್ಪತ್ತೆರಡು ತಿಂಗಳು ನಾ ಈ ಬಾವಿ ಕಡೆ ಬಂದ ಇಲ್ರಿ. ಎಲ್ಲಾ ಹಾಸ್ಟೆಲ್‌ನ್ಯಾಗ ಕುಂತು ಬರದದ್ದು. ನಮ್ಮ ಅಬ್ಬಾಗ ಇದು ಗೊತ್ತಿಲ್ರಿ. ಅವರು ಬರದದ್ದು ಎಲ್ಲಾ ಖರೇ. ಸುಳ್ಳು ನಂದು."

ಶ್ವೇತಾ ಅವಳ ಪಕ್ಕದಿಂದ ಒಂದು ಹೆಜ್ಜೆ ಸರಿದಳು. ಅದರಿಂದ ಮೆಹಜಬೀನಳಿಗೆ ಆಮೇಲೆ ಬಂದ ಗಾಳೆಪ್ಪನವರ ಮಾತಿಗಿಂತ ಹೆಚ್ಚು ನೋವಾಯಿತು. ಗಾಳೆಪ್ಪನವರ ಮುಖ ಕಪ್ಪಿಟ್ಟಿತ್ತು. "ನಜೀರಸಾಬನ ಹೊಟ್ಯಾಗ ಹುಟ್ಟಿ," ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಅವರಿಗೂ ಲೆಕ್ಕ ತಪ್ಪಿತ್ತು. ಮನಸ್ಸಿಗೆ ಬಂದಂತೆ ಬರೆದ ಅಂಕಿಗೆ ಈಗಷ್ಟೇ ತಾವೇ ಬಿಟ್ಟ ಟೇಪು ಹೇಗೆ ಹೊಂದಿತು?

ಈ ಪಂಚಾಯಿತಿಯಲ್ಲಿ ಆಸಕ್ತಿ ಇಲ್ಲದ ದುರಗಮ್ಮ ಬಕೆಟ್ಟನ್ನು ಬಾವಿಗೆ ಬಿಟ್ಟಿದ್ದಳು. ಕೂಡಲೇ ಹಗ್ಗ ಸಡಿಲವಾಯಿತು. ಮುದುಕಿ ಕೈಯಲ್ಲಿ ಉಳಿದ ಸುರುಳಿಯನ್ನು ನೋಡಿದಳು. ಇಪ್ಪತ್ತು ಗಂಟುಗಳೂ ಮೇಲೆಯೇ ಇದ್ದವು. ತುಂಬಿದ ಬಕೆಟ್ಟನ್ನು ಎಳೆದು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ಬಗ್ಗಿ ನೋಡಿದರು. ಬಿಳಿಯ ಗೆರೆಗಳು ಒಂದೂ ಇರಲಿಲ್ಲ. ನೀರು ಹತ್ತಿರದಲ್ಲೇ, ಕಪ್ಪಗೆ, ಒಂದು ಗುಳ್ಳೆಯೂ ಇಲ್ಲದೆ ನಿಂತಿತ್ತು. ಏರುವಾಗ ಸಣ್ಣ ಸದ್ದೂ ಆಗಿರಲಿಲ್ಲ.

ಗಾಳೆಪ್ಪ ಟೇಪು ಬಿಟ್ಟರು. ಏಳು ನಲವತ್ತು. ಆ ಅಂಕಿಯನ್ನು ಅವರು ಕೂಗಲಿಲ್ಲ.

ಹುಡುಗರಿಗೆ ಕಾರಣ ಬೇಕಿತ್ತು, ಅದನ್ನು ಅವರೇ ಹುಡುಕಿಕೊಂಡರು. ಸೆಲೆ ಒಡೆದಿದೆ ಎಂದ ಒಬ್ಬ. ಹೌದು ಹೌದು ಎಂದರು ಉಳಿದವರು. ಫೋನು ತೆಗೆದು ಫೋಟೋ ಹೊಡೆದುಕೊಂಡರು, ಆದರೆ ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲಲು ಯಾರೂ ಒಪ್ಪಲಿಲ್ಲ. "ಹೌದ್ರೆಪಾ, ಸೆಲಿ ಒಡದೈತಿ, ಹೋಗಿ ಊಟ ಮಾಡ್ರಿ," ಎಂದು ಗಾಳೆಪ್ಪ ಅವರನ್ನು ಬೇವಿನ ಮರದ ಕಡೆ ಕಳಿಸಿದರು. ಮೆಹಜಬೀನ ಮಾತ್ರ ಉಳಿದಳು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು.

ಗಾಳೆಪ್ಪ ಬೈಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು, "ತಿಂಗಳಿಗೆ ಎಷ್ಟೆಷ್ಟು ಇಳಿಸಬೇಕಂತ ನಿನಗ ಹೆಂಗ ಗೊತ್ತಾತವ್ವ?" ಎಂದು ಕೇಳಿದರು.

"ನಿಮ್ಮ ವರದಿ ನೋಡಿದೆ ಸರ್. ಅಳವಂಡಿ, ಕುಕನೂರು, ಯಲಬುರ್ಗಾದ ಬಾವಿ ಹೆಂಗ ಇಳದಾವ, ಹಂಗ ಇಳಿಸಿದೆ."

ಗಾಳೆಪ್ಪ ಟೇಪನ್ನು ಮೆಲ್ಲಗೆ ಸುತ್ತಿಕೊಂಡರು. ಶಾಲು ಹೊದಿಸಿಕೊಂಡು ಗತ್ತಿನಿಂದ ನಿಂತಿದ್ದ ನಿನ್ನೆಯ ಮನುಷ್ಯ ಇವರೇ ಎಂದು ಹೇಳುವಂತಿರಲಿಲ್ಲ. "ಅಲ್ಲಿ ಬಾವಿ ನೋಡವರು ಕೆಲವರು ಸತ್ತಿದ್ರು, ಕೆಲವರು ಊರು ಬಿಟ್ಟಿದ್ರು. ರೀಡಿಂಗ್ ಬರ್ತಿರಲಿಲ್ಲ. ವರದಿಯೊಳಗ ಖಾಲಿ ಜಾಗ ಬಿಡಂಗಿಲ್ಲ. ನಾನ ತುಂಬಿದೆ. ನೀರು ಇಳೀತೈತಿ, ಇಳೀತೈತಿ ಅಂತ ಎಲ್ಲಾರೂ ಅಂತಿದ್ರು. ನಾನೂ ಇಳಿಸಿಕೋಂತ ಹ್ವಾದೆ. ಹನ್ನೊಂದು ಬಾವಿ."

"ಈಗ ಅವು ಹೆಂಗದಾವ್ರಿ?"

"ಒಣಗ್ಯಾವ. ರಿಟೈರ್ ಆಗೂ ಮುಂದ ಒಂದೊಂದಕ್ಕೂ ಹೋಗಿ ಬಗ್ಗಿ ನೋಡಿ ಬಂದೀನಿ." ಅವರು ಮುಖ ಒರೆಸಿಕೊಂಡರು. "ನೋಡಿ ಖುಷಿಪಟ್ಟೀನವ್ವ. ನನ್ನ ಅಂದಾಜು ಎಷ್ಟು ಬರೋಬ್ಬರಿ ಇತ್ತಲ್ಲಾ ಅಂತ."

ಮೆಹಜಬೀನಳಿಗೆ ಆ ಮುದುಕನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ, ಅದರ ಹಿಂದೆಯೇ ಕರುಣೆ. "ಈಗರೆ ನೀರು ಏರಿಸಿ ಬರೀರಿ ಸರ್," ಎಂದಳು.

"ನನ್ನ ಅಂಕಿ ಈಗ ಯಾರು ತಗೋತಾರ? ಆರು ವರ್ಷ ಆತು, ಆಫೀಸಿನ ಬಾಗಲದಾಗ ನಿಂತ್ರೂ ಯಾರೀ ಹಿರ್ಯಾ ಅಂತ ಕೇಳ್ತಾರ." ಅವರ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ದನಿ ತಗ್ಗಿಸಿ, ಬೇಡುವವರಂತೆ, "ನಿಮ್ಮಪ್ಪನ ನಂಬರ್ ಇನ್ನೂ ನಡೀತೈತಲ್ಲ. ಅಳವಂಡಿದೊಂದು ಕಳಿಸಿ ನೋಡವ್ವ. ಒಂಬತ್ತು ಮೀಟರ್ ಅಂತ ಹಾಕು. ಇಲ್ಲಾ, ಎಂಟು ಹಾಕು," ಎಂದರು.

ಅವಳು ಅಳವಂಡಿ ಎಂದು ಬರೆದು ಎಂಟು ಎಂದು ಹಾಕಿ ಕಳಿಸಿದಳು. ಇಬ್ಬರೂ ಫೋನಿನ ಮೇಲೆ ಬಗ್ಗಿ ಕಾದರು. ಬೇವಿನ ಮರದ ಕೆಳಗಿನಿಂದ ಯಾರೋ ಊಟಕ್ಕೆ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಅವಳು ಓದಿಕೊಂಡಳು, ಅವರಿಗೆ ಕನ್ನಡಕ ಹಾಕಿಕೊಳ್ಳಲು ಬಿಡದೆ ತಾನೇ ಹೇಳಿದಳು.

"ಇಲ್ಲಂತ್ರಿ ಸರ್. ಈ ನಂಬರಿನಿಂದ ಹುಲಿಹೈದರದ ಬಾವಿದೊಂದ ತಗೋತಾರಂತ."